ಮೊಳೆ ಜೋಡಣೆ

ಸಯ್ಯಾಜಿರಾವ್ ರಸ್ತೆಗೆ ಬೆನ್ನು ಹಾಕಿ ಕೂತ ನಮ್ಮ ಲ್ಯಾಬಿನ
ಕಿಟಕಿಯ ಕೆಳಗೆ, ಸೌತೆಕಾಯಿಗೆ ಉಪ್ಪುಖಾರ ಸವರುವ ಗಾಡಿ.
ಕಿಟಕಿಯ ಈಚೆ, ಮೈನಸ್ ಇಪ್ಪತ್ತರ ಪೆಟ್ಟಿಗೆಯಲ್ಲಿ
ಗುರುಮಲ್ಲಪ್ಪನವರ ರಕ್ತ.

ವಯಸ್ಸು ಎಪ್ಪತ್ತೊಂದು. ಸಂತೇಪೇಟೆಯ ಪ್ರೆಸ್ಸೊಂದರಲ್ಲಿ
ಮೂವತ್ತೆಂಟು ವರ್ಷ ಅಚ್ಚುಮೊಳೆ ಜೋಡಿಸಿದವರು.
ರಿಪೋರ್ಟು ಕೊಟ್ಟರೆ, ಅಭ್ಯಾಸಬಲ,
ತಲೆಕೆಳಗೆ ಹಿಡಿದು ಓದಿದರು.
ಬಿಳಿ ರಕ್ತಕಣ ಎಂಬತ್ತಾರು ಸಾವಿರ.
"ಇಷ್ಟೊಂದು ಪ್ರತಿ ಯಾರು ಹಾಕಿಸಿದ್ದಮ್ಮ?"

ಹೇಗೆ ಹೇಳುವುದು.
ಒಂದೊಂದು ಬಿ ಕಣವೂ ಹುಟ್ಟುವಾಗ
ತನ್ನದೇ ಒಂದು ಪದ ಕಟ್ಟಿಕೊಳ್ಳುತ್ತೆ ಸಾರ್,
ಮೂರು ಖಾನೆಯಿಂದ ಒಂದೊಂದು ಹೆಕ್ಕಿ.
ವಿ, ಡಿ, ಜೆ ಅಂತ ಖಾನೆಗಳಿಗೆ ಹೆಸರು.
"ಅಕ್ಷರ, ಗುಣಿತ, ಒತ್ತು ಅನ್ನು," ಅಂದರು.
ಅನ್ನಿ. ಮೊದಲ ಖಾನೆಯಲ್ಲಿ ನಲವತ್ತು ಚಿಲ್ಲರೆ,
ಎರಡರಲ್ಲಿ ಇಪ್ಪತ್ತು ಚಿಲ್ಲರೆ, ಮೂರರಲ್ಲಿ ಆರೇ ಆರು.
"ಸಂದಿಗೆ?"
ಸಂದಿಗೆ, ಯಾವ ಹಸ್ತಪ್ರತಿಯಲ್ಲೂ ಇಲ್ಲದ
ಚೂರುಪಾರು ತುರುಕುತ್ತೆ.
"ಅದು ಲೆಡ್ಡು!" ಕಳೆದುಹೋದ ನೆಂಟ ಸಿಕ್ಕಂತೆ ನಕ್ಕರು.

ಇನ್ನೂ ಬಾರದ ಜ್ವರಕ್ಕೂ ಒಂದು ಪದ ಸಿದ್ಧವಿರಲೆಂದು
ಮೂಳೆಯೊಳಗೆ ಹಗಲೂ ರಾತ್ರಿ ಈ ಮೊಳೆ ಕೆಲಸ.
ಕೋಟಿ ಕಣ, ಕೋಟಿ ಪದ.
ನಿಮ್ಮಲ್ಲಿ ಮಾತ್ರ ಒಂದು ಪದ
ಮಷೀನಿಗೆ ಸಿಕ್ಕಿಕೊಂಡು ಅಚ್ಚಾಗುತ್ತಲೇ ಇದೆ.

"ಯಾವ ಪದ?"
ನಾಲ್ಕು-ಮೂವತ್ತನಾಲ್ಕು.
"ಅದು ಪದವಲ್ಲ. ಬಸ್ಸಿನ ನಂಬರು."

ಕೊನೆಯ ಸಾಲಿನ 'ಮ್ಯುಟೇಟೆಡ್' ಓದಿ
ಮಗಳು ಗೌರಾಂಬೆ ರಾತ್ರಿಯೆಲ್ಲ ಅತ್ತಿದ್ದಳಂತೆ.
ಅಳಬೇಡಿ, ಇಲ್ಲಿ ಆ ಪದವೇ ಸಿಹಿ ಸುದ್ದಿ.
ಹುಟ್ಟಿನ ಮೂಲಪ್ರತಿಗೆ ಹೋಲಿಕೆ ತೊಂಬತ್ತನಾಲ್ಕು;
ಮಿಕ್ಕ ಆರು, ತಿದ್ದುಪಡಿ.
ಕೆಡುವ ಮೊದಲು ಈ ಕಣ ಎಲ್ಲೋ,
ಗಂಟಲಲ್ಲೋ ಕಂಕುಳ ಗಂಟಿನಲ್ಲೋ,
ಪಾಠಕ್ಕೆ ಕೂತು ಪೆಟ್ಟು ತಿಂದಿದೆ.
ಮಾಗಿ ಕೆಟ್ಟದ್ದು ಮೆಲ್ಲಗೆ ನಡೆಯುತ್ತೆ, ಸಾಮಾನ್ಯವಾಗಿ.
ತೊಂಬತ್ತೆಂಟು ದಾಟಿದ್ದರೆ ಕಷ್ಟವಿತ್ತು.

"ನೂರಕ್ಕೆ ನೂರು ತೆಗೆದವನು ಫೇಲು!
ಈ ಮೈಸೂರಿನಲ್ಲಿ ಇಂಥದ್ದೂ ಒಂದು ಪರೀಕ್ಷೆಯೇ?"
ಆಮೇಲೆ ತಮಗೇ ಹೇಳಿಕೊಂಡರು:
"ಕರಡು ನೋಡಿ ಯಾರೋ ರುಜು ಹಾಕಿದ್ದಾರೆ. ಸಾಕು."
ಔಷಧಿ ಬೇಡ, ಆರು ತಿಂಗಳಿಗೆ ಬನ್ನಿ ಅಂದರು ಡಾಕ್ಟರು.
ಕೆಳಗಿಳಿದು ಸೌತೆಕಾಯಿ ಕೊಂಡರು. ಮೇಲಿಂದ ನೋಡಿದೆ.

ಅದೇ ತಟ್ಟೆಯಲ್ಲಿ, ಪಕ್ಕದ ಗುಳಿಯಲ್ಲಿ,
ಬೆಳಕವಾಡಿಯ ಅಂಗನವಾಡಿ ಟೀಚರು ಪುಟ್ಟತಾಯಮ್ಮ.
ಐವತ್ತೆರಡು.
ಒಂದು-ಅರವತ್ತೊಂಬತ್ತು. ನೂರಕ್ಕೆ ನೂರು.
ಒಂದಕ್ಷರ ತಿದ್ದಿಲ್ಲ.

ಆ ಪದವನ್ನು ಕಂಪ್ಯೂಟರಿಗೆ ಕೊಟ್ಟರೆ
ಹೆಚ್ಚುಕಮ್ಮಿ ಅದೇ,
ರಾಗಿಯ ಮುಖ ಕಾಣದ ದೂರದೂರದ ಊರುಗಳ
ಹತ್ತಾರು ಜನರ ರಕ್ತದಿಂದ ಎದ್ದು ಬಂತು,
ಎಲ್ಲ ಪ್ರೆಸ್ಸಿನ ಲಗ್ನಪತ್ರಿಕೆಯಲ್ಲೂ ಇರುವ
ಆ ಒಂದು ಸಾಲಿನ ಹಾಗೆ.
ಅವರಿಗೂ ಇವರಿಗೂ ಯಾರು ಹೇಳಿ ಬರೆಸಿದರು?
ಯಾವುದೋ ಸೂಕ್ಷ್ಮಜೀವಿಯೇ,
ಸತ್ತ ತನ್ನದೇ ಕಣದ ಸಿಪ್ಪೆಯೇ?
ಗೊತ್ತಿಲ್ಲದ ಕಾಲಂನಲ್ಲಿ ನಾವು ಅಡ್ಡಗೆರೆ ಎಳೆಯುತ್ತೇವೆ.
ಎಳೆದೆ.

ಮಂಗಳವಾರ ಬಂದರು, ಮಳವಳ್ಳಿ ಬಸ್ಸಿನ ಟಿಕೆಟ್ಟು
ಬಳೆಗೆ ಸಿಕ್ಕಿಸಿಕೊಂಡೇ.
ಗುಳಿಗೆ ಎಂದಿನಿಂದ, ಬೆಲೆ ಎಷ್ಟು,
ಮಕ್ಕಳ ಹತ್ತಿರ ಕೂರಬಹುದೇ,
ಕೇಳಿದ್ದು ಇಷ್ಟೇ.
ಆಮೇಲೆ ಫಾರಂ ನೋಡುತ್ತಾ ನಿಂತರು.
ನಾವು ಊರಿನ ಹೆಸರು 'ಬೆಲಕವಾಡಿ' ಅಂತ ಹೊಡೆದಿದ್ದೆವು.
ನನ್ನ ಪೆನ್ನು ಇಸಕೊಂಡು,
ಲ ಕಾರದ ಮೇಲೇ ಒತ್ತಿ,
ಮಗುವಿನ ಕೈ ಹಿಡಿದು ತೀಡಿಸುವಷ್ಟು ನಿಧಾನವಾಗಿ
ಳ ಬರೆದರು.